ರೀಸೈಜಿಂಗ್ ಡೈ ಎಷ್ಟು ಇಳಿಸಬೇಕು? ರೈಫಲ್ ತೋಟಾ ರೀಲೋಡ್ ಮಾಡುವವರಿಗೆ

"ಡೈ ಜೊತೆ ಬಂದ ಚೀಟಿಯಲ್ಲಿ, ಶೆಲ್ ಹೋಲ್ಡರ್‌ಗೆ ತಾಗುವ ತನಕ ಇಳಿಸಿ, ಆಮೇಲೆ ಇನ್ನೂ ಕಾಲು ಸುತ್ತು ತಿರುಗಿಸಿ ಅಂತ ಇದೆ. ಹಾಗೇ ಮಾಡಿದ್ದೀನಿ. ಸರಿ ಅಲ್ವಾ?" ಹೊಸದಾಗಿ ರೀಲೋಡಿಂಗ್, ಅಂದರೆ ಹೊಡೆದ ಕೇಸ್‌ಗೆ ಮತ್ತೆ ಮದ್ದು, ಗುಂಡು ತುಂಬಿ ತೋಟಾ ಮಾಡುವ ಕೆಲಸ, ಹಿಡಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹೊಡೆದಾಗ ಉಬ್ಬಿದ ಕೇಸನ್ನು ಹಿಸುಕಿ ಮತ್ತೆ ಅಳತೆಗೆ ತರುವ ಅಚ್ಚು ರೀಸೈಜಿಂಗ್ ಡೈ. ಪ್ರೆಸ್‌ನಲ್ಲಿ ಕೇಸ್‌ನ ಬುಡ ಹಿಡಿದಿಡುವ ತುಂಡು ಶೆಲ್ ಹೋಲ್ಡರ್. ಸ್ವಲ್ಪ ದಿನ ಬಿಟ್ಟು ಅವರೇ ಇನ್ನೊಂದು ಪ್ರಶ್ನೆ ತರುತ್ತಾರೆ: "ನಾಲ್ಕೈದು ಸಲ ಹೊಡೆದ ಕೇಸ್ ಬುಡದ ಹತ್ತಿರ ಸೀಳು ಬಿಟ್ಟಿದೆ. ಹಿತ್ತಾಳೆ ಕಳಪೆಯಾ?"

ಹಿತ್ತಾಳೆ ಚೆನ್ನಾಗಿಯೇ ಇರುತ್ತದೆ. ಡೈ ಜಾಸ್ತಿ ಇಳಿದಿರುತ್ತದೆ. ಚೀಟಿಯಲ್ಲಿ ಬರೆದಿರುವ ಕ್ರಮ ಯಾವ ರೈಫಲ್‌ಗಾದರೂ ಹೊಂದುವಂಥ ತೋಟಾ ಬರಲಿ ಅನ್ನುವ ಲೆಕ್ಕದ್ದು. ನಿಮ್ಮ ಹತ್ತಿರ ಇರುವುದು ಒಂದು ರೈಫಲ್, ಅದರ ಚೇಂಬರ್ (ತೋಟಾ ಕೂರುವ ಗೂಡು) ಒಂದು. ಡೈಯನ್ನು ಆ ಚೇಂಬರ್‌ಗೆ ಹೊಂದಿಸಬೇಕು. ಇಲ್ಲಿ .308 ವಿಂಚೆಸ್ಟರ್ ತೋಟಾ ಮತ್ತು ಬೋಲ್ಟ್ ಆ್ಯಕ್ಷನ್ ರೈಫಲ್ ಇಟ್ಟುಕೊಂಡು ಹೇಳುತ್ತೇನೆ. ಭುಜ ಇರುವ ಬೇರೆ ತೋಟಾಗಳಿಗೂ ಕ್ರಮ ಇದೇ.

ಮೊದಲು ಕಾನೂನು

ಇದು ಅಮೆರಿಕದಂಥ ಕಡೆ ಕಾನೂನುಬದ್ಧ ಹವ್ಯಾಸ. ಅಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ, ಮಾರುವುದಕ್ಕೆ ಬೇಕು. ಆದರೆ ಅಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು. ಎಚ್-1ಬಿ, ಎಲ್-1, ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಅಷ್ಟೇ ಅಲ್ಲ, ತೋಟಾ ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಇದಕ್ಕೆ ಇರುವ ಮುಖ್ಯ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ರಾಜ್ಯದ ಕಾನೂನು ಬೇರೆಯೇ ಇರಬಹುದು, ಅದನ್ನೂ ನೋಡಿಕೊಳ್ಳಿ.

ಭಾರತದಲ್ಲಿ ಇರುವವರು ಓದಿ ತಿಳಿದುಕೊಳ್ಳಿ, ಮಾಡಲು ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಬಂದೂಕಿನ ಲೈಸೆನ್ಸ್ ಇದ್ದರೆ ಸಾಲದು. ಕೊಡಗಿನಲ್ಲಿ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಸಂಬಂಧಪಟ್ಟಿದ್ದು, ಮನೆಯಲ್ಲಿ ತೋಟಾ ತಯಾರಿಸುವುದಕ್ಕಲ್ಲ.

ನಾಲ್ಕು ಮಾತು ಗೊತ್ತಿರಲಿ

ಕೇಸ್ ಅಂದರೆ ಹೊಡೆದ ಮೇಲೆ ಕೈಗೆ ಸಿಗುವ ಹಿತ್ತಾಳೆ ಕೊಳವೆ. ಗುಂಡು ಕೂರುವ ಮೇಲಿನ ಸಪೂರ ಭಾಗ ಕತ್ತು. ಕತ್ತಿನ ಕೆಳಗೆ ಇಳಿಜಾರಾಗಿ ಅಗಲವಾಗುವ ಭಾಗ ಭುಜ.

ಬೋಲ್ಟ್ ಅಂದರೆ ಚೇಂಬರ್‌ನ ಹಿಂಬದಿ ಮುಚ್ಚುವ ಭಾಗ. ಹೆಡ್‌ಸ್ಪೇಸ್ ಅಂದರೆ ಬೋಲ್ಟ್‌ನ ಮುಖದಿಂದ ಚೇಂಬರ್‌ನ ಭುಜದ ಮೇಲಿನ ಒಂದು ಗೊತ್ತಾದ ಜಾಗಕ್ಕೆ ಇರುವ ಅಂತರ. .308ಕ್ಕೆ ಆ ಜಾಗ, ಭುಜದ ಅಡ್ಡಳತೆ 0.400 ಇಂಚು ಇರುವಲ್ಲಿ. ಚೇಂಬರ್ ಪರೀಕ್ಷಿಸುವ ಅಳತೆ ತುಂಡುಗಳಲ್ಲಿ, ಬೋಲ್ಟ್ ಮುಚ್ಚಲೇಬೇಕಾದ 'ಗೋ' ಗೇಜ್ ಈ ತೋಟಾಗೆ 1.630 ಇಂಚು, ಮುಚ್ಚಬಾರದ 'ನೋ-ಗೋ' ಗೇಜ್ 1.634 ಇಂಚು. ಅಂದರೆ ಹೊಚ್ಚ ಹೊಸ ಚೇಂಬರ್‌ಗಳ ನಡುವೆಯೇ ಇಷ್ಟು ವ್ಯತ್ಯಾಸ ಇರಬಹುದು.

ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 0.025 ಮಿಲಿಮೀಟರ್. ಲೇಥ್ ಕೆಲಸದವರಿಗೆ ಇದು ದಿನನಿತ್ಯದ ಮಾತು. ನಮ್ಮ ಪೂರ್ತಿ ಆಟ ಎರಡು ಥೌ ಒಳಗೆ. ಪ್ರಿಂಟರ್‌ಗೆ ಹಾಕುವ ಕಾಗದದ ದಪ್ಪ ಸುಮಾರು ನಾಲ್ಕು ಥೌ.

ಬಂಪ್ ಅಂದರೆ ಹೊಡೆದ ಕೇಸ್‌ನ ಭುಜವನ್ನು ಡೈ ಹಿಂದಕ್ಕೆ ಎಷ್ಟು ತಳ್ಳಿತು ಅನ್ನುವ ಲೆಕ್ಕ.

ಜಾಸ್ತಿ ಇಳಿಸಿದರೆ ಆಗುವುದೇನು

ಭುಜ ಜಾಸ್ತಿ ಹಿಂದಕ್ಕೆ ಹೋದ ಕೇಸ್ ಚೇಂಬರ್‌ನಲ್ಲಿ ಸಡಿಲವಾಗಿ ಕೂರುತ್ತದೆ. ಫೈರಿಂಗ್ ಪಿನ್ ಬಡಿದಾಗ ಅದು ಮುಂದಕ್ಕೆ ಸರಿಯುತ್ತದೆ. ಒತ್ತಡ ಏರುತ್ತಿದ್ದ ಹಾಗೆ ಕೇಸ್‌ನ ತೆಳು ಗೋಡೆ ಚೇಂಬರ್‌ಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ದಪ್ಪ ಬುಡ ಮಾತ್ರ ಹಿಂದಕ್ಕೆ ಸರಿದು ಬೋಲ್ಟ್‌ಗೆ ಹೋಗಿ ಬಡಿಯುತ್ತದೆ. ನಡುವಿನ ಹಿತ್ತಾಳೆ ಎಳೆದುಕೊಳ್ಳುತ್ತದೆ. ನೀವು ಮತ್ತೆ ಭುಜ ತಳ್ಳುತ್ತೀರಿ, ಮತ್ತೆ ಅದೇ ಜಾಗ ಎಳೆಯುತ್ತದೆ. ಕೆಲವು ಸುತ್ತಿನಲ್ಲಿ ಅಲ್ಲಿ ಗೋಡೆ ಸವೆದು, ಒಂದು ದಿನ ಕೇಸ್ ಎರಡು ತುಂಡಾಗುತ್ತದೆ. .308ರ ಗರಿಷ್ಠ ಒತ್ತಡ 62,000 ಪಿಎಸ್‌ಐ. ಅಷ್ಟು ಒತ್ತಡದ ಬಿಸಿ ಗಾಳಿ ಮುಖದ ಹತ್ತಿರ ದಾರಿ ಹುಡುಕುವುದು ಯಾರಿಗೂ ಬೇಡ. ಶೂಟಿಂಗ್ ಕನ್ನಡಕ ಹಾಕದೆ ಹೊಡೆಯಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಕಡಿಮೆ ಇಳಿಸಿದರೂ ತೊಂದರೆಯೇ. ಬೋಲ್ಟ್ ಮುಚ್ಚುವುದಿಲ್ಲ, ಅಥವಾ ಬಲ ಹಾಕಿ ಮುಚ್ಚಬೇಕಾಗುತ್ತದೆ.

ಏನೇನು ಬೇಕು

ಗಟ್ಟಿಯಾದ ಸಿಂಗಲ್ ಸ್ಟೇಜ್ ಪ್ರೆಸ್, ಫುಲ್ ಲೆಂತ್ ರೀಸೈಜಿಂಗ್ ಡೈ, ಶೆಲ್ ಹೋಲ್ಡರ್. ಅರ್ಧ ಥೌ ತನಕ ತೋರಿಸುವ ಕ್ಯಾಲಿಪರ್. ಬುಡದಿಂದ ಭುಜಕ್ಕೆ ಇರುವ ಅಳತೆ ಹೋಲಿಸಲು ಅದರ ಬಾಯಿಗೆ ಸಿಕ್ಕಿಸುವ ಹೆಡ್‌ಸ್ಪೇಸ್ ಕಂಪ್ಯಾರೇಟರ್, .308ಕ್ಕಾದರೆ 0.400 ಬುಶಿಂಗ್ (ಭುಜದ ಮೇಲೆ ಕೂರುವ ಬಳೆ) ಇರುವುದು. ಕೇಸ್‌ಗೆ ಹಚ್ಚುವ ಸೈಜಿಂಗ್ ವ್ಯಾಕ್ಸ್. ಡೈ ಮೇಲೆ ಗುರುತು ಹಾಕಲು ಮಾರ್ಕರ್ ಪೆನ್. ಬರೆದಿಡಲು ಪುಸ್ತಕ.

ಕಂಪ್ಯಾರೇಟರ್ ಇಲ್ಲದೆ ಮಾಡಬಹುದಾ ಅಂತ ಕೇಳುವವರು ಇದ್ದಾರೆ. ಬೋಲ್ಟ್ ಹಿಡಿತದ ಮೇಲೆ ಅಂದಾಜು ಮಾಡಿ ಮಾಡುವವರೂ ಇದ್ದಾರೆ. ನನ್ನ ಮಾತು ಕೇಳಿದರೆ ಕಂಪ್ಯಾರೇಟರ್ ತೊಗೊಳ್ಳಿ. ಇಡೀ ಸಾಮಾನಿನಲ್ಲಿ ದುಡ್ಡಿಗೆ ತಕ್ಕ ಕೆಲಸ ಅತಿ ಹೆಚ್ಚು ಮಾಡುವುದು ಅದೇ.

ಎಲ್ಲಕ್ಕಿಂತ ಮುಖ್ಯ, ಅದೇ ರೈಫಲ್‌ನಲ್ಲಿ ಹೊಡೆದ ಹತ್ತು ಕೇಸ್. ಒಂದೇ ಕಂಪನಿಯವು, ಒಂದೇ ಸಲ ಕೊಂಡವು, ಅಷ್ಟೇ ಸಲ ಹೊಡೆದವು ಆಗಿರಲಿ. ಶೂಟಿಂಗ್ ರೇಂಜ್‌ನಲ್ಲಿ ಹೆಕ್ಕಿ ತಂದ ಕೇಸ್ ಬೇಡ. ಅದು ಬೇರೆ ಯಾರದೋ ಚೇಂಬರ್‌ನ ಅಚ್ಚು. ಇನ್ನೊಂದು ಮಾತು: ಒಂದೇ ಸಲ ಹೊಡೆದ ಕೇಸ್ ಚೇಂಬರ್ ಪೂರ್ತಿ ತುಂಬಿರದೇ ಇರಬಹುದು. ಎರಡು ಮೂರು ಸಲ ಹೊಡೆದದ್ದು ಸಿಕ್ಕರೆ ಅಳತೆ ಹೆಚ್ಚು ನಂಬಿಕೆಗೆ ಅರ್ಹ.

1. ಮೇಜು ಖಾಲಿ ಮಾಡಿ

ರೈಫಲ್‌ನ ಚೇಂಬರ್, ಮ್ಯಾಗಜಿನ್ ಎರಡೂ ಕಣ್ಣಿಂದ ನೋಡಿ, ಬೆರಳು ಹಾಕಿ ನೋಡಿ. ಈ ಕೆಲಸ ಮುಗಿಯುವ ತನಕ ಮದ್ದು, ಪ್ರೈಮರ್ (ಕೇಸ್‌ನ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಭರ್ತಿ ತೋಟಾ ಯಾವುದೂ ಆ ಕೋಣೆಯಲ್ಲಿ ಇರಬಾರದು. ಇವತ್ತು ಖಾಲಿ ಹಿತ್ತಾಳೆ ಮಾತ್ರ.

2. ಹಳೆ ಪ್ರೈಮರ್ ತೆಗೆದು ಅಳೆಯಿರಿ

ಹೊಡೆದ ಪ್ರೈಮರ್ ಕೂದಲೆಳೆಯಷ್ಟು ಹೊರಗೆ ಉಬ್ಬಿದ್ದರೂ ಅಳತೆ ಕೆಡುತ್ತದೆ. ಸೈಜ್ ಮಾಡದೆ ಪ್ರೈಮರ್ ಮಾತ್ರ ಹೊರಗೆ ತಳ್ಳುವ ಡೀಕ್ಯಾಪಿಂಗ್ ಡೈ ಬಳಸಿ ಅದನ್ನು ತೆಗೆಯಿರಿ. ಬುಡ ಮತ್ತು ಭುಜ ಒರೆಸಿ. ಕ್ಯಾಲಿಪರ್‌ಗೆ ಕಂಪ್ಯಾರೇಟರ್ ಹಾಕಿ, ಬಾಯಿ ಮುಚ್ಚಿ ಸೊನ್ನೆ ಮಾಡಿ. ಕೇಸ್ ಒಳಗಿಟ್ಟು ನಿಧಾನ ಮುಚ್ಚಿ, ಸ್ವಲ್ಪ ಹೊರಳಿಸಿ, ಅತಿ ಕಡಿಮೆ ಬರುವ ಓದನ್ನು ಬರೆದುಕೊಳ್ಳಿ. ಓರೆಯಾಗಿ ಕೂತ ಕೇಸ್ ಉದ್ದ ತೋರಿಸುತ್ತದೆ. ಹತ್ತೂ ಅಳೆಯಿರಿ.

ಬರುವ ಅಂಕಿ 1.630ರ ಹತ್ತಿರ ಇಲ್ಲದಿದ್ದರೆ ಗಾಬರಿ ಬೇಡ. ಕಂಪ್ಯಾರೇಟರ್ ಇರುವುದು ಹೋಲಿಸಿ ನೋಡಲು. ಒಂದು ಬುಶಿಂಗ್‌ಗೂ ಇನ್ನೊಂದಕ್ಕೂ ಒಂದೆರಡು ಥೌ ಹೆಚ್ಚು ಕಮ್ಮಿ ಇರುತ್ತದೆ. ಹಾಗಾಗಿ ಸ್ನೇಹಿತರ ಅಂಕಿ ತಂದು ನಿಮ್ಮ ಡೈ ಹೊಂದಿಸಬೇಡಿ. ನಿಮ್ಮ ಉಪಕರಣ, ನಿಮ್ಮ ಕೇಸ್, ಮೊದಲು ಎಷ್ಟು, ಆಮೇಲೆ ಎಷ್ಟು. ಬೇಕಾಗಿರುವುದು ಆ ವ್ಯತ್ಯಾಸ ಅಷ್ಟೇ.

ಉದಾಹರಣೆಗೆ ನಿಮ್ಮ ಹೆಚ್ಚಿನ ಕೇಸ್ 1.631 ತೋರಿಸಿದವು ಅನ್ನಿ. ಬೋಲ್ಟ್ ಆ್ಯಕ್ಷನ್‌ಗೆ ಬಂಪ್ ಒಂದರಿಂದ ಎರಡು ಥೌ ಸಾಕು. ಗುರಿ 1.629. ಸೆಮಿ ಆಟೋಮ್ಯಾಟಿಕ್‌ಗೆ ಮೂರರಿಂದ ಐದು ಥೌ ಬಿಡಿ. ಅಲ್ಲಿ ಬೋಲ್ಟ್ ತನ್ನ ಪಾಡಿಗೆ ಪೂರ್ತಿ ಮುಚ್ಚಲೇಬೇಕು. ಎಂ1 ಗ್ಯಾರಂಡ್ ತರಹದ, ಫೈರಿಂಗ್ ಪಿನ್‌ಗೆ ಸ್ಪ್ರಿಂಗ್ ತಡೆ ಇಲ್ಲದ ರೈಫಲ್‌ಗಳಲ್ಲಿ ಬಿಗಿ ತೋಟಾ ಬಹಳ ಅಪಾಯ. ಬೋಲ್ಟ್ ಪೂರ್ತಿ ಬೀಗ ಬೀಳುವ ಮೊದಲೇ ತೋಟಾ ಸಿಡಿಯಬಹುದು.

3. ಬೋಲ್ಟ್ ಬಿಚ್ಚಿ

ಬೋಲ್ಟ್‌ನಿಂದ ಫೈರಿಂಗ್ ಪಿನ್ ಜೋಡಣೆ ತೆಗೆಯಿರಿ. ಸ್ಪ್ರಿಂಗ್ ಇರುವ ಎಜೆಕ್ಟರ್ (ಹೊಡೆದ ಕೇಸನ್ನು ಹೊರಗೆ ಚಿಮ್ಮಿಸುವ ಭಾಗ) ಆಗಿದ್ದರೆ ಅದನ್ನೂ ತೆಗೆಯಿರಿ. ಖಾಲಿ ಚೇಂಬರ್‌ನಲ್ಲಿ ಈಗ ಬೋಲ್ಟ್ ಹಿಡಿ ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಇದು ನಿಮ್ಮ ಎರಡನೇ ಅಳತೆಗೋಲು. ಎಜೆಕ್ಟರ್ ತೆಗೆಯುವ ವಿಧಾನ ಗೊತ್ತಿಲ್ಲದಿದ್ದರೆ ಒತ್ತಾಯ ಮಾಡಬೇಡಿ. ಆ ಸ್ಪ್ರಿಂಗ್ ಇರುವಾಗ ಬೆರಳಿಗೆ ಸಿಗುವ ಸೂಕ್ಷ್ಮ ಹಿಡಿತ ಮುಚ್ಚಿಹೋಗುತ್ತದೆ, ಆಗ ಕ್ಯಾಲಿಪರ್ ಒಂದನ್ನೇ ನಂಬಿ.

4. ವ್ಯಾಕ್ಸ್ ಹಚ್ಚಿ

ಬೆರಳ ತುದಿಗೆ ಸ್ವಲ್ಪ ತೆಗೆದು ಕೇಸ್‌ನ ಮೈಗೆ ತೆಳ್ಳಗೆ ಸವರಿ. ಬುಡದ ಕಡೆ ಚೆನ್ನಾಗಿ ಮುಟ್ಟಲಿ, ಹಿಸುಕಾಟ ಅಲ್ಲೇ ಜಾಸ್ತಿ. ಭುಜಕ್ಕೆ ಬೇಡ. ಅಲ್ಲಿ ಜಾಸ್ತಿಯಾದರೆ ಡೈ ಒಳಗೆ ಹೋಗಲು ಜಾಗ ಇಲ್ಲದೆ ಭುಜದಲ್ಲಿ ತಗ್ಗು ಬೀಳಿಸುತ್ತದೆ. ಕತ್ತಿನ ಒಳಗೂ ಒಂದಿಷ್ಟು ಮುಟ್ಟಿಸಿ. ಯಾಕೆ ಅಂತ ಆರನೇ ಹಂತದಲ್ಲಿ ಬರುತ್ತದೆ. ಒಣಗಿದ ಕೇಸ್ ಡೈಗೆ ಹಾಕಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಬುಡಕ್ಕೆ ತೂತು ಕೊರೆದು, ಸ್ಕ್ರೂ ಹಾಕಿ ಎಳೆದು ತೆಗೆಯಬೇಕು.

5. ಡೈ ಮೇಲಿನಿಂದ ಶುರು ಮಾಡಿ

ರ್‍ಯಾಮ್ ಅಂದರೆ ಹ್ಯಾಂಡಲ್ ಎಳೆದಾಗ ಮೇಲೇರುವ ಕಂಬ. ಅದನ್ನು ಪೂರ್ತಿ ಏರಿಸಿ. ಡೈ ಶೆಲ್ ಹೋಲ್ಡರ್‌ಗೆ ತಾಗುವ ತನಕ ಇಳಿಸಿ. ಈಗ ಅರ್ಧ ಸುತ್ತು ವಾಪಸ್ ಮೇಲಕ್ಕೆ ತಿರುಗಿಸಿ.

ಇಲ್ಲಿ ಲೆಕ್ಕ ಗೊತ್ತಿದ್ದರೆ ಕೆಲಸ ಸುಲಭ. ಸಾಮಾನ್ಯ ಡೈಗಳ ಮರೆಗೆ (ಥ್ರೆಡ್) ಇಂಚಿಗೆ 14 ಸುತ್ತು. ಅಂದರೆ ಒಂದು ಪೂರ್ತಿ ಸುತ್ತಿಗೆ ಡೈ 71 ಥೌ ಇಳಿಯುತ್ತದೆ. ಎಂಟನೇ ಒಂದು ಸುತ್ತಿಗೆ ಸುಮಾರು ಒಂಬತ್ತು ಥೌ. ಒಂದು ಥೌ ಬೇಕಾದರೆ ಬರೀ ಐದು ಡಿಗ್ರಿ, ಗಡಿಯಾರದಲ್ಲಿ ನಿಮಿಷದ ಮುಳ್ಳು ಒಂದು ನಿಮಿಷ ಸರಿಯುವುದಕ್ಕಿಂತಲೂ ಕಡಿಮೆ. "ಇನ್ನೂ ಕಾಲು ಸುತ್ತು" ಅನ್ನುವುದು ಎಷ್ಟು ದೊಡ್ಡ ಮಾತು ಅಂತ ಈಗ ಗೊತ್ತಾಯಿತಲ್ಲ? ಅದೆಲ್ಲಾ ಭುಜಕ್ಕೇ ಹೋಗುವುದಿಲ್ಲ ನಿಜ. ಪ್ರೆಸ್ ಬಾಗುವುದಕ್ಕೆ ಒಂದಿಷ್ಟು ಹೋಗುತ್ತದೆ. ಎಷ್ಟು ಅನ್ನುವುದು ಪ್ರೆಸ್‌ನಿಂದ ಪ್ರೆಸ್‌ಗೆ ಬೇರೆ.

ಡೈ ಮೇಲೂ ಪ್ರೆಸ್ ಮೇಲೂ ಮಾರ್ಕರ್‌ನಿಂದ ಒಂದೊಂದು ಗೆರೆ ಎಳೆಯಿರಿ. ಎಷ್ಟು ತಿರುಗಿಸಿದಿರಿ ಅನ್ನುವುದು ಕಣ್ಣಿಗೆ ಕಾಣಬೇಕು.

6. ಸೈಜ್ ಮಾಡಿ, ಅಳೆಯಿರಿ, ಇಳಿಸಿ

ಒಂದು ಕೇಸ್ ಸೈಜ್ ಮಾಡಿ. ಮೇಲೆ ಹೋದಾಗ ಎರಡು ಮೂರು ಸೆಕೆಂಡ್ ಹಿಡಿದಿಟ್ಟು ಇಳಿಸಿ. ಪ್ರತಿ ಸಲ ಅಷ್ಟೇ ಹೊತ್ತು. ವ್ಯಾಕ್ಸ್ ಒರೆಸಿ ಅಳೆಯಿರಿ.

ಹೆಚ್ಚಿನವರು ತಬ್ಬಿಬ್ಬಾಗುವುದು ಇಲ್ಲೇ. ಡೈ ಇಳಿಸುತ್ತಾ ಹೋದ ಹಾಗೆ ಅಂಕಿ ಕಡಿಮೆ ಆಗಬೇಕು ಅಂತ ಅಂದುಕೊಂಡಿರುತ್ತೀರಿ. ಅದು ಏರುತ್ತದೆ. 1.631 ಇದ್ದದ್ದು 1.633 ಆಗುತ್ತದೆ, 1.634 ಆಗಬಹುದು. ಅಳತೆ ತಪ್ಪಿಲ್ಲ. ಡೈ ಇನ್ನೂ ಭುಜ ಮುಟ್ಟಿಲ್ಲ, ಮೈಯನ್ನು ಮಾತ್ರ ಹಿಸುಕುತ್ತಿದೆ. ಹಿಸುಕಿದ ಹಿತ್ತಾಳೆಗೆ ಹೋಗಲು ಬೇರೆ ಜಾಗ ಇಲ್ಲ, ಭುಜವನ್ನು ಮುಂದಕ್ಕೆ ನೂಕುತ್ತದೆ. ಈ ಹಂತದ ಕೇಸ್ ರೈಫಲ್‌ಗೆ ಹಾಕಿದರೆ, ಹೊಡೆದಾಗ ಸಲೀಸಾಗಿ ಹೊರಬಂದ ಅದೇ ಕೇಸ್ ಈಗ ಬೋಲ್ಟ್ ಮುಚ್ಚಲು ಬಿಡುವುದಿಲ್ಲ. "ಸೈಜ್ ಮಾಡಿದ ಮೇಲೇ ಬಿಗಿ ಆಯ್ತು" ಅನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಇಲ್ಲಿ ನಿಲ್ಲಬೇಡಿ, ಇಳಿಸುತ್ತಾ ಹೋಗಿ.

ಎಂಟನೇ ಒಂದು ಸುತ್ತಿನಂತೆ ಇಳಿಸಿ. ಅಂಕಿ ಏರುವುದು ನಿಂತು ಇಳಿಯಲು ಶುರುವಾದರೆ ಡೈ ಭುಜ ಮುಟ್ಟಿತು ಅಂತ ಅರ್ಥ. ಇನ್ನು ಮೇಲೆ ಹದಿನಾರನೇ ಒಂದು ಸುತ್ತು, ಆಮೇಲೆ ಗೆರೆಯ ದಪ್ಪದಷ್ಟೇ. ಅವಸರ ಬೇಡ. ದಾಟಿದರೆ ಆ ಕೇಸ್‌ನ ಭುಜವನ್ನು ಡೈ ವಾಪಸ್ ತರುವುದಿಲ್ಲ.

ಕತ್ತಿನ ಒಳಗೆ ವ್ಯಾಕ್ಸ್ ಹೇಳಿದ್ದೆ. ಡೈ ಒಳಗಿನ ಕಡ್ಡಿಯಲ್ಲಿ, ಕತ್ತಿನ ಒಳಗನ್ನು ಅಳತೆಗೆ ಅಗಲಿಸುವ ಒಂದು ಉಂಡೆ ಇರುತ್ತದೆ, ಎಕ್ಸ್‌ಪಾಂಡರ್ ಬಾಲ್. ಕೇಸ್ ಕೆಳಗೆ ಬರುವಾಗ ಅದು ಕತ್ತಿನ ಒಳಗಿಂದ ಉಜ್ಜಿಕೊಂಡು ಹೊರಬರುತ್ತದೆ. ಒಣಗಿದ್ದರೆ ಕತ್ತನ್ನು ಎಳೆದು, ನೀವು ಕಷ್ಟಪಟ್ಟು ತಳ್ಳಿದ ಭುಜವನ್ನೂ ಜೊತೆಗೆ ಮುಂದಕ್ಕೆ ತರುತ್ತದೆ. ಹ್ಯಾಂಡಲ್ ಎತ್ತುವಾಗ ಕಿರ್ ಅಂತ ಸದ್ದು ಬಂದರೆ ಅದೇ.

7. ಹೊಸ ಕೇಸ್‌ನಲ್ಲಿ ಖಾತ್ರಿ ಮಾಡಿ

ಗುರಿ ಹತ್ತಿರ ಬಂದಾಗ ಆ ಒಂದೇ ಕೇಸ್ ಹಿಡಿದು ಮುಂದುವರಿಯಬೇಡಿ. ಆರೇಳು ಸಲ ಡೈ ಒಳಗೆ ಹೋಗಿ ಬಂದ ಕೇಸ್‌ನ ಮೈ ಆಗಲೇ ಸಣ್ಣದಾಗಿದೆ. ಅದು ಪ್ರೆಸ್‌ಗೆ ಅಷ್ಟು ತಡೆ ಕೊಡುವುದಿಲ್ಲ. ಹೊಡೆದು ತಂದ ಹೊಸ ಕೇಸ್ ಹಾಕಿದರೆ ಪ್ರೆಸ್ ಸ್ವಲ್ಪ ಜಾಸ್ತಿ ಬಾಗುತ್ತದೆ, ಭುಜ ಸ್ವಲ್ಪ ಕಡಿಮೆ ಹಿಂದೆ ಹೋಗುತ್ತದೆ. ಹಾಗಾಗಿ ಕೊನೆಯ ತೀರ್ಮಾನ ಯಾವಾಗಲೂ ಸೈಜ್ ಆಗದ ಕೇಸ್ ಮೇಲೆ.

ಮೂರು ಕೇಸ್ 1.629 ಸುತ್ತಮುತ್ತ ಬಂದರೆ ರೈಫಲ್‌ಗೆ ಹಾಕಿ. ಬಿಚ್ಚಿದ ಬೋಲ್ಟ್‌ನ ಹಿಡಿ ಖಾಲಿ ಚೇಂಬರ್‌ನಲ್ಲಿ ಬಿದ್ದ ಹಾಗೇ ಬೀಳಬೇಕು, ಅಥವಾ ಕೊನೆಯಲ್ಲಿ ಬೆರಳಿಗೆ ಗೊತ್ತಾಗುವಷ್ಟು ಮಾತ್ರ ತಡೆಯಬೇಕು. ಕ್ಯಾಲಿಪರ್ ಸರಿ ಹೇಳುತ್ತಿದ್ದು ಬೋಲ್ಟ್ ಮಾತ್ರ ಬಿಗಿ ಇದ್ದರೆ ಭುಜ ಬಿಟ್ಟು ಬೇರೆ ಕಡೆ ನೋಡಿ. ಕೇಸ್‌ನ ಪೂರ್ತಿ ಉದ್ದ ಜಾಸ್ತಿ ಆಗಿರಬಹುದು. .308ಕ್ಕೆ ಗರಿಷ್ಠ 2.015 ಇಂಚು, ಕತ್ತರಿಸಿ ತರುವ ಅಳತೆ 2.005. ಸೈಜ್ ಮಾಡಿದಾಗ ಕತ್ತು ಬೆಳೆಯುತ್ತದೆ, ಆದ್ದರಿಂದ ಈ ಅಳತೆ ಸೈಜ್ ಆದ ಮೇಲೆಯೇ ತೊಗೊಳ್ಳಿ.

8. ಲಾಕ್ ರಿಂಗ್ ಬಿಗಿ ಮಾಡಿ

ಕೇಸ್ ಡೈ ಒಳಗೇ ಇರಲಿ, ರ್‍ಯಾಮ್ ಮೇಲೇ ಇರಲಿ. ಆ ಒತ್ತಡದಲ್ಲಿ ಡೈ ನೆಟ್ಟಗೆ ನಿಂತಿರುತ್ತದೆ. ಆಗ ಡೈಯನ್ನು ಪ್ರೆಸ್ ಮೇಲೆ ಅಲುಗಾಡದಂತೆ ಹಿಡಿಯುವ ಲಾಕ್ ರಿಂಗ್ ಇಳಿಸಿ ಸ್ಕ್ರೂ ಬಿಗಿ ಮಾಡಿ. ಗೆರೆ ಸರಿಯಿತಾ ನೋಡಿ. ರಿಂಗ್ ಬಿಗಿ ಮಾಡುವಾಗ ಡೈ ಜೊತೆಗೆ ತಿರುಗಿಬಿಡುವುದು ತೀರಾ ಸಾಮಾನ್ಯ. ಇನ್ನೊಂದು ಕೇಸ್ ಸೈಜ್ ಮಾಡಿ ಅಳೆದರೆ ಗೊತ್ತಾಗುತ್ತದೆ. ಎಲ್ಲ ಸರಿ ಇದ್ದರೆ ಬೋಲ್ಟ್ ಮತ್ತೆ ಜೋಡಿಸಿ.

ಶೆಲ್ ಹೋಲ್ಡರ್‌ಗೆ ತಾಗಿದರೂ ಭುಜ ಸಾಕಷ್ಟು ಹಿಂದೆ ಹೋಗದಿದ್ದರೆ?

ಮೊದಲು, ಕೇಸ್ ಒಳಗಿರುವಾಗ ರ್‍ಯಾಮ್ ಏರಿಸಿ, ಡೈ ಮತ್ತು ಶೆಲ್ ಹೋಲ್ಡರ್ ನಡುವೆ ಬೆಳಕು ಕಾಣುತ್ತದಾ ನೋಡಿ. ಕಂಡರೆ ಪ್ರೆಸ್ ಬಾಗುತ್ತಿದೆ, ಡೈ ಇನ್ನೂ ಸ್ವಲ್ಪ ಇಳಿಸಬಹುದು. ಕಾಣದಿದ್ದರೆ ಬೇರೆ ಶೆಲ್ ಹೋಲ್ಡರ್ ಹಾಕಿ ನೋಡಿ. ಅದರ ಮೇಲ್ಮೈ ಎತ್ತರ 0.125 ಇಂಚು ಇರಬೇಕು, ಒಂದೊಂದು ಹೆಚ್ಚು ಕಮ್ಮಿ ಇರುತ್ತದೆ. ಕೇಸ್ ಹಲವು ಸಲ ಹೊಡೆದು ಗಡುಸಾಗಿದ್ದರೂ ಹೀಗಾಗುತ್ತದೆ. ತಳ್ಳಿದ ಭುಜ ಸ್ಪ್ರಿಂಗ್ ತರಹ ವಾಪಸ್ ಬರುತ್ತದೆ. ಕತ್ತು ಮತ್ತು ಭುಜ ಬಿಸಿ ಮಾಡಿ ಮೆತ್ತಗೆ ಮಾಡುವ ಅನೀಲಿಂಗ್ ಇದಕ್ಕೆ ಮದ್ದು. ಬುಡಕ್ಕೆ ಮಾತ್ರ ಬಿಸಿ ತಾಗಬಾರದು, ಅಲ್ಲಿ ಮೆತ್ತಗಾದ ಕೇಸ್ ಬಿಸಾಡಲೇಬೇಕು. ಶೆಲ್ ಹೋಲ್ಡರ್ ತಲೆ ಉಜ್ಜಿ ತೆಗೆಯುವುದು ಕೊನೆಯ ದಾರಿ. ಉಜ್ಜಿದರೆ ಅದಕ್ಕೆ ಬಣ್ಣದ ಗುರುತು ಹಾಕಿ, ಬೇರೆ ಡೈ ಜೊತೆ ಸೇರಿಸಬೇಡಿ.

ತಿರುಗಿಸಿ ತಿರುಗಿಸಿ ಬೇಸರ ಅನ್ನುವವರಿಗೆ ರೆಡ್ಡಿಂಗ್ ಕಂಪನಿ ಎರಡೆರಡು ಥೌ ವ್ಯತ್ಯಾಸದ ಐದು ಶೆಲ್ ಹೋಲ್ಡರ್‌ಗಳ ಸೆಟ್ ಮಾಡುತ್ತದೆ. ಡೈ ಪೂರ್ತಿ ತಾಗಿಸಿ ಇಟ್ಟು, ಹೋಲ್ಡರ್ ಬದಲಿಸಿ ಬಂಪ್ ಹೊಂದಿಸಬಹುದು. ಒಂದೇ ಡೈಯಲ್ಲಿ ಎರಡು ರೈಫಲ್‌ಗೆ ಸೈಜ್ ಮಾಡುವವರಿಗೆ ಇದು ಒಳ್ಳೆ ಉಪಾಯ.

ಈಗಾಗಲೇ ಜಾಸ್ತಿ ತಳ್ಳಿದ ಕೇಸ್‌ಗಳಿದ್ದರೆ

ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ. ತುದಿಯನ್ನು ಎರಡು ಮಿಲಿಮೀಟರ್‌ನಷ್ಟು ಅಡ್ಡಕ್ಕೆ ಬಗ್ಗಿಸಿ ಚೂಪು ಮಾಡಿ. ಕೇಸ್ ಒಳಗೆ ಬುಡದ ತನಕ ಇಳಿಸಿ, ಗೋಡೆಗೆ ಒತ್ತಿ ನಿಧಾನ ಮೇಲಕ್ಕೆ ಎಳೆಯಿರಿ. ಬುಡದ ದಪ್ಪ ಮುಗಿದು ಗೋಡೆ ಶುರುವಾಗುವ ಜಾಗದಲ್ಲಿ ತುದಿ ಒಂದು ಗುಂಡಿಗೆ ಬಿದ್ದು ಎದ್ದ ಹಾಗೆ ಅನಿಸಿದರೆ ಆ ಕೇಸ್ ಮುಗಿಯಿತು. ಇಕ್ಕಳದಲ್ಲಿ ಬಾಯಿ ಚಪ್ಪಟೆ ಮಾಡಿ ಎಸೆಯಿರಿ, ಮರೆತು ಮತ್ತೆ ಬಳಸುವ ಹಾಗೆ ಆಗಬಾರದು. ಹೊರಗೆ ಕಾಣುವ ಹೊಳೆಯುವ ಉಂಗುರ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಡೈ ಹಿಸುಕು ಎಲ್ಲಿ ನಿಂತಿತೋ ಅಲ್ಲಿಯೂ ಅಂಥದೇ ಗೆರೆ ಬೀಳುತ್ತದೆ, ಅದು ನಿರಪಾಯ. ಒಳಗಿನ ಗುಂಡಿ ಸುಳ್ಳು ಹೇಳುವುದಿಲ್ಲ.

ಹಳೆ .303 ಲೀ-ಎನ್‌ಫೀಲ್ಡ್ ಇರುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. .303 ತೋಟಾ ನಿಲ್ಲುವುದು ಭುಜದ ಮೇಲಲ್ಲ, ಬುಡದ ಅಂಚಿನ ಮೇಲೆ. ಯುದ್ಧಕಾಲದ ಆ ರೈಫಲ್‌ಗಳ ಚೇಂಬರ್ ಕೆಸರು, ಧೂಳಿನಲ್ಲೂ ತೋಟಾ ಹೋಗಲಿ ಅಂತ ಧಾರಾಳವಾಗಿ ಕೊರೆದವು, ಭುಜದ ಮುಂದೆ ಬೇಕಾದಷ್ಟು ಜಾಗ ಇರುತ್ತದೆ. ಚೀಟಿ ಹೇಳಿದ ಹಾಗೆ ಡೈ ಪೂರ್ತಿ ಇಳಿಸಿದರೆ ಕೇಸ್ ಬಹಳ ಬೇಗ ತುಂಡಾಗುತ್ತದೆ. ಅಂಚನ್ನು ಮರೆತು, ಒಂದು ಸಲ ಹೊಡೆದ ಕೇಸ್‌ನ ಭುಜವನ್ನೇ ಆಧಾರ ಮಾಡಿಕೊಂಡು ಮೇಲಿನ ಕ್ರಮದಲ್ಲೇ ಹೊಂದಿಸಿ. ಸೊಂಟದಲ್ಲಿ ಪಟ್ಟಿ ಇರುವ ಮ್ಯಾಗ್ನಮ್ ತೋಟಾಗಳಿಗೂ ಇದೇ ಮಾತು.

ಡೈ ಬಿಚ್ಚಿ ಮತ್ತೆ ಹಾಕಿದಾಗ, ಬೇರೆ ಕಂಪನಿಯ ಕೇಸ್ ಬಂದಾಗ, ಪ್ರೆಸ್ ಅಥವಾ ಶೆಲ್ ಹೋಲ್ಡರ್ ಬದಲಾದಾಗ, ಮೊದಲ ಮೂರು ಕೇಸ್ ಅಳೆದೇ ಮುಂದುವರಿಯಿರಿ. ಬ್ಯಾರೆಲ್ ಬದಲಿಸಿದರೆ ಹಳೆ ಅಂಕಿ ಹೊಡೆದು ಹಾಕಿ, ಎರಡನೇ ಹಂತದಿಂದ ಮತ್ತೆ ಶುರು ಮಾಡಿ. ಪುಸ್ತಕದಲ್ಲಿ ರೈಫಲ್, ಕೇಸ್ ಕಂಪನಿ, ಎಷ್ಟನೇ ಸಲ ಹೊಡೆದದ್ದು, ಹೊಡೆದಾಗಿನ ಅಳತೆ, ಸೈಜ್ ಆದ ಅಳತೆ, ಯಾವ ಶೆಲ್ ಹೋಲ್ಡರ್, ಇಷ್ಟು ಒಂದು ಸಾಲಿನಲ್ಲಿ ಇರಲಿ. ಮದ್ದಿನ ತೂಕಕ್ಕೆ ಮಾತ್ರ ಮದ್ದಿನ ಕಂಪನಿಯ ಇತ್ತೀಚಿನ ಲೋಡ್ ಮ್ಯಾನುಯಲ್ ನೋಡಿ, ಬೇರೆಯವರು ಹೇಳಿದ ಅಂಕಿ ಬಳಸಬೇಡಿ.